ನಾಂದಣಿ ಪರಿಸರದ ಉದ್ಯೋಗ-ಧೋರಣೆ: ಒಂದು ಐತಿಹಾಸಿಕ ಪರಾಮರ್ಶೆ

ಇತಿಹಾಸವೆಂದರೆ ಅರಸರ ವಂಶಾವಳಿ, ಕಾಳಗಗಳ ಪಟ್ಟಿ ಎಂದು ತಿಳಿಯುವ ರೂಢಿ ನಮ್ಮ ಶಾಲೆಗಳಿಂದ ಇನ್ನೂ ಹೋಗಿಲ್ಲ. ಒಂದು ಸೀಮೆಯ ಜನ ಹೊಟ್ಟೆ-ಬಟ್ಟೆಯ ದಾರಿಯನ್ನು ಹೇಗೆ ಕಂಡುಕೊಂಡರೆಂಬದೂ ಇತಿಹಾಸವೇ. ಜಿನಸೇನ ಭಟ್ಟಾರಕರ ಮಠದಿಂದ ಹೆಸರಾದ ನಾಂದಣಿಯು ಜಯಸಿಂಗಪುರದ ಪೇಟೆಗೂ ಇಚಲಕರಂಜಿಯ ಮಗ್ಗಗಳಿಗೂ ಸಮೀಪದ ಊರು. ಈ ಪರಿಸರದ ಏಳಿಗೆಯು ಆಕಸ್ಮಿಕವಲ್ಲ. ನೀರು, ಪೇಟೆ, ಮಗ್ಗ, ಶಾಲೆ ಎಂಬ ನಾಲ್ಕು ಅಂಗಗಳುಳ್ಳ ದೀರ್ಘಕಾಲದ ಧೋರಣೆಯ ಫಲ. ಅದನ್ನು ಇಂದು ಅಳೆದುನೋಡುವದು ಅವಶ್ಯವಾಗಿದೆ.

ಕೊಲ್ಲಾಪುರದ ಶಾಹೂ ಮಹಾರಾಜರು 1894ರಲ್ಲಿ ಅಧಿಕಾರ ವಹಿಸಿಕೊಂಡರು. ಬೆಲ್ಲದ ವ್ಯಾಪಾರಕ್ಕೆ ಶಾಹೂಪುರಿ, 1906ರಲ್ಲಿ ನೂಲಿನ ಗಿರಣಿ, ಭೋಗಾವತಿ ನದಿಗೆ ರಾಧಾನಗರಿಯ ಅಣೆಕಟ್ಟು, 1917ರಲ್ಲಿ ತಂದೆಯ ಹೆಸರಿನ ಜಯಸಿಂಗಪುರ—ಇವೆಲ್ಲ ಅವರ ಕಾಲದವು. ಅದೇ 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು. ಇಚಲಕರಂಜಿಯಲ್ಲಿ ಜಹಗೀರದಾರ ನಾರಾಯಣರಾವ ಬಾಬಾಸಾಹೇಬ ಘೋರ್ಪಡೆಯವರು ನೇಕಾರರಿಗೆ ಆಶ್ರಯವಿತ್ತರು. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗವನ್ನು ನಡೆಸಿದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. 1922ರಲ್ಲಿ ಮಹಾರಾಜರು ತೀರಿಕೊಂಡಾಗ ರಾಧಾನಗರಿಯ ಕಟ್ಟೆ ಅಪೂರ್ಣವಾಗಿತ್ತು. ಅದು ಪೂರ್ಣವಾದದ್ದು ಸ್ವಾತಂತ್ರ್ಯಾನಂತರ. 1949ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದರೂ ಧೋರಣೆ ಮುರಿಯಲಿಲ್ಲ. ಅರಸರ ಕೈಯಿಂದ ಸಹಕಾರದ ಕೈಗೆ ದಾಟಿತು. ಇದೇ ಶಿರೋಳ ತಾಲೂಕಿನ ನಿಮಶಿರಗಾವದವರಾದ ರತ್ನಾಪ್ಪ ಕುಂಭಾರರು ಪಂಚಗಂಗಾ ಸಹಕಾರಿ ಸಕ್ಕರೆ ಕಾರಖಾನೆಯನ್ನು ಕಟ್ಟಿ, ಕಬ್ಬು ಬೆಳೆದವನನ್ನೇ ಕಾರಖಾನೆಯ ಪಾಲುದಾರನನ್ನಾಗಿ ಮಾಡಿದರು.

ಲಾಭವನ್ನು ಯಾರೂ ಅಲ್ಲಗಳೆಯರು. ಎರಡೂ ದಂಡೆಯಲ್ಲಿ ಕಬ್ಬು ಬೆಳೆಯಿತು, ಮಗ್ಗಗಳು ದೂರದೂರದ ಕೂಲಿಕಾರರಿಗೂ ಅನ್ನವಿತ್ತವು. ಆದರೆ ನಷ್ಟದ ಲೆಕ್ಕವನ್ನೂ ಬರೆಯಬೇಕು. ನೀರು ತರುವ ಕಾಲುವೆಗೆ ಇದ್ದ ಆಸ್ಥೆ ನೀರು ಬಸಿದುಹೋಗುವ ಹಾದಿಗೆ ಇರಲಿಲ್ಲ. ಶಿರೋಳದ ಒಳ್ಳೊಳ್ಳೆಯ ಎರೆಹೊಲಗಳು ಸವಳು-ಜವಳಾದವು. ಬಣ್ಣದ ನೀರು, ಊರ ಹೊಲಸು ಪಂಚಗಂಗೆಯನ್ನು ಸೇರಿದವು. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜೀವಹಾನಿಯಾಯಿತು. 2005, 2019, 2021ರ ಮಹಾಪೂರಗಳು ಬೆಳೆಯನ್ನೂ ಮಗ್ಗವನ್ನೂ ಮುಳುಗಿಸಿದವು. ಸ್ವಯಂಚಾಲಿತ ಮಗ್ಗಗಳು ಬಂದಂತೆ, ಅದೇ ಬಟ್ಟೆಗೆ ಕಡಿಮೆ ಕೈಗಳು ಸಾಕಾಗುತ್ತಿವೆ.

ಆದುದರಿಂದ ಧೋರಣೆಯ ನವೀಕರಣವೆಂದರೆ ಇನ್ನೊಂದು ಕಾರಖಾನೆಯನ್ನು ಬೇಡುವದಷ್ಟೇ ಅಲ್ಲ. ಬಿಟ್ಟುಹೋದ ಅಂಗವನ್ನು ಕೂಡಿಸುವದು. ಶಿರೋಳದ ದತ್ತ ಸಹಕಾರಿ ಸಕ್ಕರೆ ಕಾರಖಾನೆಯು ರೈತರನ್ನು ಒಗ್ಗೂಡಿಸಿ, ನೆಲದೊಳಗೆ ತೂತುಗೊಳವೆ ಹೂಳಿ ಸವಳು ನೀರನ್ನು ಹೊರಹಾಕುವ ಕಾರ್ಯವನ್ನು ಕೈಕೊಂಡಿರುವದು ಸರಿಯಾದ ದಿಕ್ಕಿನ ಹೆಜ್ಜೆ. ಒಬ್ಬನ ಹೊಲದಿಂದ ಇದು ಸಾಧ್ಯವಿಲ್ಲ, ನೆರೆಯವನೂ ಕೂಡಬೇಕು.

ನಾಲ್ಕನೆಯ ಅಂಗವಾದ ಶಾಲೆ ನಮ್ಮ ಪಾಲಿನದು. ನೀರು, ಪೇಟೆ, ಮಗ್ಗಗಳು ಬೆಳೆದಷ್ಟು ಉದ್ಯೋಗಕ್ಕೂ ಶಾಲೆಗೂ ನಂಟು ಬೆಳೆಯಲಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಗಡಿಯ ಹುಡುಗನಿಗೆ ಎರಡು ನುಡಿಗಳ ಬಂಡವಾಳ ಹುಟ್ಟಿನಿಂದಲೇ ಇದೆ. ಅದಕ್ಕೆ ಮಣ್ಣಿನ ಪರೀಕ್ಷೆ, ಯಂತ್ರದ ದುರಸ್ತಿ, ಸಹಕಾರಿ ಲೆಕ್ಕಪತ್ರಗಳ ಅರಿವು ಸೇರಿದರೆ ಅವನು ಊರು ಬಿಡಬೇಕಾಗಿಲ್ಲ. ರಾಧಾನಗರಿಯ ಕಟ್ಟೆಯಂತೆ ಇದೂ ತಲೆಮಾರುಗಳ ಕೆಲಸ. ತಳಪಾಯ ಹಾಕಿದವನೇ ನೀರು ಕಾಣಬೇಕೆಂಬ ನಿಯಮವಿಲ್ಲ.