ತೂಕಕ್ಕೆ ಹೋದ ಚಿತ್ರಪತ್ರಿಕೆಗಳು

ಮೊನ್ನೆ ಭಾನುವಾರ ಸಂಜೆ ಹೌಜ್ ಖಾಸ್ ವಿಲೇಜಿನ ಓಣಿಯಲ್ಲಿ ಸುತ್ತಾಡುತ್ತಿದ್ದಾಗ ಒಂದು ಅಂಗಡಿ ಕಣ್ಣಿಗೆ ಬಿತ್ತು. ಹಳೆಯ ಹಿಂದಿ ಸಿನಿಮಾ ಪೋಸ್ಟರುಗಳ ಪಕ್ಕದಲ್ಲಿ ಅಮೆರಿಕದ ‘ಲೈಫ್’ ವಾರಪತ್ರಿಕೆಯ ಹಳೆಯ ಸಂಚಿಕೆಗಳನ್ನು ಜೋಡಿಸಿಟ್ಟಿದ್ದರು. ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ. ಬೆಲೆ ಕೇಳಿ ಕೈ ಹಿಂದೆಗೆದೆ. ಆದರೂ ಚಪಲ ನೋಡಿ, “ಕನ್ನಡದ್ದೇನಾದರೂ ಇದೆಯೇ?” ಎಂದು ಕೇಳಿಯೇಬಿಟ್ಟೆ. ಅಂಗಡಿಯಾತ ನಕ್ಕು, “ಆ ಭಾಷೆಯದನ್ನು ಇಲ್ಲಿಗೆ ಯಾರೂ ಮಾರಲು ತಂದದ್ದೇ ಇಲ್ಲ, ಸಾಬ್” ಎಂದ. ಆ ಮಾತು ನನ್ನನ್ನು ಮನೆಯವರೆಗೂ ಹಿಂಬಾಲಿಸಿತು.

ಪತ್ರಿಕೆಯಲ್ಲಿ ಚಿತ್ರ ಅಚ್ಚಾಗುವುದು ಒಂದು ಕಾಲಕ್ಕೆ ಸುಲಭದ ಮಾತಾಗಿರಲಿಲ್ಲ. ನ್ಯೂಯಾರ್ಕಿನಲ್ಲಿ 1857ರಲ್ಲಿ ಆರಂಭವಾದ ‘ಹಾರ್ಪರ್ಸ್ ವೀಕ್ಲಿ’ಯ ಚಿತ್ರಗಳನ್ನು ಮರದ ಅಚ್ಚಿನಲ್ಲಿ ಕೆತ್ತಬೇಕಾಗಿತ್ತು. ದೊಡ್ಡ ಚಿತ್ರವಾದರೆ ಮರದ ತುಂಡುಗಳನ್ನು ಬಿಡಿಸಿ, ಹಲವು ಕೆತ್ತನೆಗಾರರಿಗೆ ಒಂದೊಂದನ್ನು ಹಂಚಿ, ಕೊನೆಗೆ ಬೋಲ್ಟು ಹಾಕಿ ಕೂಡಿಸುತ್ತಿದ್ದರು. ಆ ಶತಮಾನದ ಕೊನೆಯ ಹೊತ್ತಿಗೆ ಹಾಫ್‌ಟೋನ್ ಬ್ಲಾಕು ಬಂದಿತು. ವಿಜ್ಞಾನ ಓದಿದವನಾದ್ದರಿಂದ ಅದರ ಗುಟ್ಟನ್ನು ಒಂದಿಷ್ಟು ಹೇಳಿಬಿಡುತ್ತೇನೆ. ಅಚ್ಚಿನ ಮಸಿಗೆ ಕಪ್ಪು ಗೊತ್ತು, ಬೂದುಬಣ್ಣ ಗೊತ್ತಿಲ್ಲ. ಆದ್ದರಿಂದ ಸಣ್ಣ ಗೆರೆಗಳ ಗಾಜಿನ ಜಾಲರಿಯ ಮೂಲಕ ಫೋಟೋವನ್ನು ಚುಕ್ಕೆಗಳಾಗಿ ಒಡೆಯುತ್ತಾರೆ. ಕಪ್ಪಿದ್ದಲ್ಲಿ ದಪ್ಪ ಚುಕ್ಕೆ, ಬೆಳಕಿದ್ದಲ್ಲಿ ಸಣ್ಣ ಚುಕ್ಕೆ. ಲೋಹದ ಹಲಗೆಯ ಮೇಲೆ ಅವನ್ನು ಆಮ್ಲದಿಂದ ಕೊರೆದರೆ ಬ್ಲಾಕು ಸಿದ್ಧ. ಉಳಿದದ್ದು ನಮ್ಮ ಕಣ್ಣು ಮಾಡಿಕೊಳ್ಳುವ ಭ್ರಮೆ. 1936ರಲ್ಲಿ ಹೆನ್ರಿ ಲೂಸ್ ಹೊರತಂದ ‘ಲೈಫ್’ ಚಿತ್ರದಿಂದಲೇ ಸುದ್ದಿ ಹೇಳಹೊರಟಿತು. ಅದರ ಮೊದಲ ಮುಖಪುಟದ ಫೋಟೋ ತೆಗೆದ ಮಾರ್ಗರೆಟ್ ಬರ್ಕ್-ವೈಟ್ ಅವರೇ 1946ರಲ್ಲಿ ಚರಕದೊಡನೆ ಕುಳಿತ ಗಾಂಧೀಜಿಯವರ ಪ್ರಸಿದ್ಧ ಚಿತ್ರವನ್ನೂ ತೆಗೆದವರು.

ಇನ್ನು ನಮ್ಮ ಕನ್ನಡದ ಕಥೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅದು ಕಲ್ಲಚ್ಚಿನ ಪಾಕ್ಷಿಕ. ಕಲ್ಲಿನ ಮೇಲೆ ಕೈಯಿಂದ ಬರೆದದ್ದೆಲ್ಲ ಅಚ್ಚಾಗುತ್ತದೆ. ಅಲ್ಲಿ ಅಕ್ಷರಕ್ಕೂ ಚಿತ್ರಕ್ಕೂ ಭೇದವಿಲ್ಲ. ಮೊಳೆಗಳನ್ನು ಜೋಡಿಸುವ ಮುದ್ರಣ ಬೇರೂರಿದ ಮೇಲೆ ಅಕ್ಷರ ಅಗ್ಗವಾಯಿತು, ಚಿತ್ರ ಬೇರೆಯೇ ಖರ್ಚಾಯಿತು. ಹಣಬಲವಿಲ್ಲದ ನಮ್ಮ ಪತ್ರಿಕೆಗಳಿಗೆ ಫೋಟೋಗಿಂತ ಗೆರೆಚಿತ್ರದ ಬ್ಲಾಕೇ ಕೈಗೆಟುಕುವಂಥದ್ದು.

ಆದರೆ ಬಡತನದಲ್ಲೂ ಬೆಳೆ ಬಂದಿತು. 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’ಯವರು ‘ಕೊರವಂಜಿ’ಯನ್ನು ಆರಂಭಿಸಿ 25 ವರ್ಷ ನಡೆಸಿದರು. ಮುಂದೆ ದೇಶವೆಲ್ಲ ಮೆಚ್ಚಿದ ಆರ್. ಕೆ. ಲಕ್ಷ್ಮಣರು ಹುಡುಗುತನದಲ್ಲಿ ಗೆರೆ ಎಳೆದದ್ದು ಅದರ ಪುಟಗಳಲ್ಲಿಯೇ. ಮದರಾಸಿನ ‘ಚಂದಮಾಮ’ 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾಗಿ 1949ರಲ್ಲಿ ಕನ್ನಡಕ್ಕೆ ಬಂದಿತು. ಚಿತ್ರ ಒಂದೇ, ಭಾಷೆ ಮಾತ್ರ ಬೇರೆ ಬೇರೆ. ಖರ್ಚು ಹಂಚಿಹೋಗುವ ಜಾಣತನ ಅದು. ನಮ್ಮ ಸೆಕ್ಷನ್ನಿನ ಬಿಹಾರದ ಸಹೋದ್ಯೋಗಿಯೂ ನಾನೂ ಬಾಲ್ಯದಲ್ಲಿ ಒಂದೇ ಬೇತಾಳನನ್ನು ನೋಡಿ ಹೆದರಿದವರು! ಅದರ ಮುಖಪುಟಗಳಿಗೆ ಮಹಾಭಾರತದ ಚಿತ್ರಗಳನ್ನು ಬರೆದ ಎಂ. ಟಿ. ವಿ. ಆಚಾರ್ಯರು ನಮ್ಮವರೇ ಎಂಬುದು ಹೆಮ್ಮೆಯ ಸಂಗತಿ.

1956ರಲ್ಲಿ ಹುಬ್ಬಳ್ಳಿಯಿಂದ ‘ಕಸ್ತೂರಿ’ ಬಂದಿತು. ‘ರೀಡರ್ಸ್ ಡೈಜೆಸ್ಟ್’ ಮಾದರಿಯದೇ ಆದರೂ ಪಾ. ವೆಂ. ಆಚಾರ್ಯರ ಕೈಯಲ್ಲಿ ಅಪ್ಪಟ ಕನ್ನಡದ ತಿಂಡಿಯಾಯಿತು. ‘ಪ್ರಜಾವಾಣಿ’ ಬಳಗದಿಂದ 1965ರ ಜನವರಿಯಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’, 1983ರಲ್ಲಿ ಮಣಿಪಾಲದಿಂದ ‘ತರಂಗ’. ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರ ಕೈಗೂ ಒಂದೇ ಪತ್ರಿಕೆ. ಅಜ್ಜಿಗೆ ಧಾರಾವಾಹಿ, ಮಗುವಿಗೆ ಚಿತ್ರ.

ಒಂದು ವಿಷಯ ಯೋಚಿಸಬೇಕಾದದ್ದು. ಲಕ್ಷಾಂತರ ಓದುಗರಿದ್ದೂ ‘ಲೈಫ್’ ವಾರಪತ್ರಿಕೆ 1972ರ ಡಿಸೆಂಬರಿನಲ್ಲಿ ನಿಂತುಹೋಯಿತು. ಜಾಹೀರಾತುಗಳು ಟೆಲಿವಿಷನ್ನಿನ ಕಡೆಗೆ ಹೋದವು, ಅಂಚೆ ವೆಚ್ಚ ಏರಿತು. ಇತ್ತ 1980ರಲ್ಲಿ ಪಿ. ಲಂಕೇಶರು ಜಾಹೀರಾತೇ ಇಲ್ಲದ ಕಪ್ಪು-ಬಿಳುಪಿನ ‘ಲಂಕೇಶ್ ಪತ್ರಿಕೆ’ಯನ್ನು ಓದುಗರ ಕಾಸಿನಿಂದಲೇ ನಡೆಸಿ ತೋರಿಸಿದರು. ಆದರೆ ಸತ್ತ ‘ಲೈಫ್’ ಕಳೆದುಹೋಗಲಿಲ್ಲ. ಅದರ ಸಂಚಿಕೆಗಳನ್ನು ಇಂದು ಗೂಗಲ್ ಬುಕ್ಸ್‌ನಲ್ಲಿ ಯಾರು ಬೇಕಾದರೂ ತಿರುವಿ ನೋಡಬಹುದು. ನಮ್ಮವು ಎಲ್ಲಿ?

ಈ ಪ್ರಶ್ನೆ ಕೇಳಲು ನನಗೆ ಅಧಿಕಾರವಿಲ್ಲ. ನಮ್ಮ ತಂದೆಯವರು ವಾರಪತ್ರಿಕೆಗಳ ಧಾರಾವಾಹಿಗಳನ್ನು ಕತ್ತರಿಸಿ, ದಾರ ಹಾಕಿ ಹೊಲಿದು, ರಟ್ಟು ಕಟ್ಟಿ ಇಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಊರಿನ ಮನೆ ಖಾಲಿ ಮಾಡುವಾಗ ನನ್ನ ರಜೆ ಉಳಿದದ್ದು ಎರಡೇ ದಿನ. ಆ ಕಟ್ಟುಗಳನ್ನೆಲ್ಲ ತೂಕಕ್ಕೆ ಹಾಕಿಬಿಟ್ಟೆ. ಬಂದ ಹಣ ಬಸ್ ಸ್ಟ್ಯಾಂಡಿಗೆ ಆಟೋಕ್ಕೂ ಸಾಲಲಿಲ್ಲ. ಈಗ ನನ್ನ ಮಗಳು ಕನ್ನಡವನ್ನು ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ. ಚಿತ್ರ ನೋಡುತ್ತ ನೋಡುತ್ತ ಅಕ್ಷರಕ್ಕೆ ಇಳಿಯಬಹುದಾಗಿದ್ದ ಮೆಟ್ಟಿಲನ್ನು ನಾನೇ ಮಾರಿಕೊಂಡೆನಲ್ಲ ಎನಿಸುತ್ತದೆ.

ಓದುಗ ಬಂಧುಗಳಲ್ಲಿ ಒಂದು ವಿನಂತಿ. ಊರಿನ ಅಟ್ಟದಲ್ಲೋ, ಇಲ್ಲಿನ ಕ್ವಾರ್ಟರ್ಸಿನ ಮಂಚದ ಕೆಳಗಿನ ಟ್ರಂಕಿನಲ್ಲೋ ಹಳೆಯ ‘ಚಂದಮಾಮ’, ‘ಸುಧಾ’, ‘ಕಸ್ತೂರಿ’ಗಳಿದ್ದರೆ ಕಬಾಡಿಯವನ ತಕ್ಕಡಿಗೆ ಏರಿಸುವ ಮುನ್ನ ಸಂಘದ ಗ್ರಂಥಭಂಡಾರಕ್ಕೊಂದು ಮಾತು ತಿಳಿಸಿ. ಒಂದು ಕಪಾಟು ತುಂಬಿದರೂ ಸಾಕು. ಹೊತ್ತು ತರಲು ಹೌಜ್ ಖಾಸಿನಿಂದ ನಾನು ಬರುತ್ತೇನೆ.