ನೆಲನೆಲ್ಲಿ ಪ್ರಭೇದಗಳ ಗುರುತಿಸುವಿಕೆ

ನೆಲನೆಲ್ಲಿ ಅಥವಾ ಕಿರುನೆಲ್ಲಿ ಎಂಬುದು ಫಿಲ್ಲಾಂಥೇಸಿ ಕುಟುಂಬದ ಫಿಲ್ಲಾಂಥಸ್ ಕುಲಕ್ಕೆ ಸೇರಿದ ಕೆಲವು ಸಣ್ಣ ಮೂಲಿಕೆಗಳಿಗೆ ಬಳಕೆಯಲ್ಲಿರುವ ಸಾಮಾನ್ಯ ಹೆಸರು. ಮಳೆಗಾಲದಲ್ಲಿ ಇವು ಕೈತೋಟ, ಹೊಲದ ಬದು ಹಾಗೂ ಹೂಕುಂಡಗಳಲ್ಲಿ ಕಳೆಯಾಗಿ ಬೆಳೆಯುತ್ತವೆ. ಕಾಮಾಲೆಗೆ ಮನೆಮದ್ದಾಗಿ ಬಳಸುವ ರೂಢಿಯಿರುವುದರಿಂದ ಇವುಗಳನ್ನು ಸರಿಯಾಗಿ ಗುರುತಿಸುವುದು ಮುಖ್ಯವಾಗಿದೆ.

ಸಾಮಾನ್ಯ ಲಕ್ಷಣಗಳು

ಕಡ್ಡಿಯಂತಹ ಕಿರುಕೊಂಬೆಗಳ ಎರಡೂ ಬದಿಯಲ್ಲಿ ಸಣ್ಣ ಎಲೆಗಳು ಸಾಲಾಗಿರುತ್ತವೆ. ನೋಟಕ್ಕೆ ಇಡೀ ಕೊಂಬೆ ಒಂದು ಸಂಯುಕ್ತ ಪತ್ರದಂತೆ ಕಾಣುತ್ತದೆ. ಹೂವು ಮತ್ತು ಕಾಯಿಗಳು ಎಲೆಗಳ ಕಂಕುಳಲ್ಲಿ, ಕೊಂಬೆಯ ಕೆಳಭಾಗದಲ್ಲಿ ಇರುತ್ತವೆ. ಗಿಡವನ್ನು ಮುರಿದಾಗ ಹಾಲು ಒಸರುವುದಿಲ್ಲ. ಹಾಲು ಒಸರಿದರೆ ಅದು ನೆಲನೆಲ್ಲಿಯಲ್ಲ. ಯುಫೋರ್ಬಿಯಾ ಕುಲದ ಗಿಡವಾಗಿರುವ ಸಾಧ್ಯತೆಯಿದೆ.

ಪ್ರಭೇದಗಳ ವ್ಯತ್ಯಾಸ

ಫಿಲ್ಲಾಂಥಸ್ ಅಮಾರಸ್: ಹೂವಿಗೆ 5 ಎಸಳುಗಳಿವೆ. ಕಾಯಿ ನುಣುಪಾಗಿದ್ದು, ಸಣ್ಣ ತೊಟ್ಟಿನಿಂದ ಜೋತಾಡುತ್ತದೆ. ಬೀಜದ ಬೆನ್ನಿನ ಮೇಲೆ ಉದ್ದುದ್ದ ಏಣುಗಳಿರುತ್ತವೆ.

ಫಿಲ್ಲಾಂಥಸ್ ಯೂರಿನೇರಿಯಾ: ಕಾಂಡ ಹೆಚ್ಚಾಗಿ ಕೆಂಪು ಛಾಯೆಯದು. ಹೂವಿಗೆ 6 ಎಸಳುಗಳಿವೆ. ಕಾಯಿ ಬಹುಮಟ್ಟಿಗೆ ತೊಟ್ಟಿಲ್ಲದೆ ಕೊಂಬೆಗೆ ಅಂಟಿದ್ದು, ಅದರ ಮೇಲ್ಮೈ ಗಂಟುಗಂಟಾಗಿರುತ್ತದೆ. ಬೀಜದ ಮೇಲೆ ಅಡ್ಡ ಏಣುಗಳಿರುತ್ತವೆ.

ಫಿಲ್ಲಾಂಥಸ್ ಮದ್ರಾಸ್‌ಪಟೆನ್ಸಿಸ್: ಎಲೆಗಳು ಕಿರುಕೊಂಬೆಗಳಲ್ಲಷ್ಟೇ ಅಲ್ಲದೆ ಮುಖ್ಯ ಕಾಂಡದ ಮೇಲೂ ಬೆಳೆಯುತ್ತವೆ. ಎಲೆಯ ಬುಡ ಕಿರಿದು, ತುದಿ ಅಗಲ. ಬೀಜದ ಮೇಲೆ ಸೂಕ್ಷ್ಮ ಚುಕ್ಕೆಗಳ ಸಾಲುಗಳಿರುತ್ತವೆ.

ಕಾಂಡದ ಬಣ್ಣವೊಂದನ್ನೇ ನಂಬುವಂತಿಲ್ಲ. ಬಿಸಿಲಿನಲ್ಲಿ ಬೆಳೆದ ಇತರ ಪ್ರಭೇದಗಳಲ್ಲಿಯೂ ಕೆಂಪು ಛಾಯೆ ಕಾಣಿಸಬಹುದು. ಕಾಯಿ ಮತ್ತು ಬೀಜಗಳನ್ನು ಭೂತಗನ್ನಡಿಯಲ್ಲಿ ನೋಡುವುದು ಹೆಚ್ಚು ಖಚಿತವಾದ ವಿಧಾನ. ಬೇರು ಸಹಿತ ಒಣಗಿಸಿ ಪುಡಿ ಮಾಡಿದ ಗಿಡದಲ್ಲಿ ಈ ಗುರುತುಗಳು ಉಳಿಯುವುದಿಲ್ಲ.

ಹೆಸರಿನ ಗೊಂದಲ

ಲಿನೇಯಸ್ 1753ರಲ್ಲಿ ವಿವರಿಸಿದ ಫಿಲ್ಲಾಂಥಸ್ ನಿರೂರಿ ಅಮೆರಿಕ ಖಂಡದ ಸಸ್ಯ. ಭಾರತದ ಅನೇಕ ಹಳೆಯ ಗ್ರಂಥಗಳಲ್ಲಿ ಈ ಹೆಸರನ್ನು ಇಲ್ಲಿನ ಫಿಲ್ಲಾಂಥಸ್ ಅಮಾರಸ್ ಮತ್ತು ಅದನ್ನು ಹೋಲುವ ಗಿಡಗಳಿಗೆ ಬಳಸಲಾಗಿದೆ. ಆದ್ದರಿಂದ ಹಳೆಯ ಬರಹಗಳಲ್ಲಿ 'ನಿರೂರಿ' ಎಂದಿದ್ದರೆ ಯಾವ ಪ್ರಭೇದವೆಂದು ಹೆಸರಿನಿಂದಲೇ ತೀರ್ಮಾನಿಸಲಾಗದು.

ಔಷಧೀಯ ಮಹತ್ವ

ಹೆಪಟೈಟಿಸ್ ಬಿ ವೈರಾಣುವಿನ ವಾಹಕರ ಮೇಲೆ ಫಿಲ್ಲಾಂಥಸ್ ಅಮಾರಸ್‌ನ ಪರಿಣಾಮ ಕುರಿತ ಭಾರತೀಯ ಅಧ್ಯಯನವೊಂದು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಉತ್ತೇಜಕ ಫಲಿತಾಂಶವು ನಂತರದ ಹಲವು ಪರೀಕ್ಷೆಗಳಲ್ಲಿ ದೊರೆಯಲಿಲ್ಲ. ಕಾಮಾಲೆಯು ಪಿತ್ತನಾಳದ ಅಡಚಣೆ, ಸೋಂಕು ಮುಂತಾದ ಬೇರೆಬೇರೆ ಕಾರಣಗಳಿಂದ ಬರುವ ಲಕ್ಷಣವಾದ್ದರಿಂದ, ಗಿಡವನ್ನು ಸರಿಯಾಗಿ ಗುರುತಿಸಿದರೂ ಅದು ವೈದ್ಯಕೀಯ ತಪಾಸಣೆಗೆ ಬದಲಿಯಾಗುವುದಿಲ್ಲ.