ಎಷ್ಟು ತಗ್ಗಿತು? ಕ್ಯಾಲಿಫೋರ್ನಿಯಾದ ತಗ್ಗು ಬಂಡಿಗಳ ಚರಿತ್ರೆ

ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ನಾವು ಕಂಡಿರುವ ಲಾರಿಗಳ ಕಥೆ ಸಾಮಾನ್ಯವಾಗಿ ಒಂದೇ. ಹೆಚ್ಚು ಹೊರೆ ಹೊರಲೆಂದು ಕಮಾನು ಪಟ್ಟಿ ಸೇರಿಸಿ ಗಾಡಿಯನ್ನು ಬಲಪಡಿಸುತ್ತಾರೆ, ಎತ್ತರಿಸುತ್ತಾರೆ. ಗಾಡಿಯನ್ನು ಬೇಕೆಂದೇ ನೆಲದತ್ತ ತಗ್ಗಿಸುವವರೂ ಇದ್ದಾರೆ, ಅದಕ್ಕೊಂದು ದೀರ್ಘ ಚರಿತ್ರೆಯೂ ಇದೆ ಎಂದರೆ ನಮ್ಮಲ್ಲಿ ಅನೇಕರಿಗೆ ವಿಚಿತ್ರವೆನಿಸೀತು. ಆ ಚರಿತ್ರೆ ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಒಂದೆರಡು ಅಂಗುಲದ ಅಳತೆಯೇ ಅಲ್ಲಿ ಒಬ್ಬನನ್ನು ಕುಶಲಕರ್ಮಿಯೆಂದೋ ಅಪರಾಧಿಯೆಂದೋ ತೀರ್ಮಾನಿಸುತ್ತಿತ್ತು.

1943ರ ಜೂನ್ ತಿಂಗಳಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ನೌಕಾದಳದ ಸಿಬ್ಬಂದಿ ಮೆಕ್ಸಿಕನ್ ಮೂಲದ ತರುಣರನ್ನು ಬೀದಿಯಲ್ಲಿ ಹಿಡಿದು ಥಳಿಸಿದರು. ಅವರು ತೊಟ್ಟಿದ್ದ ಸಡಿಲವಾದ ‘ಝೂಟ್ ಸೂಟ್’ ಉಡುಪನ್ನು ಹರಿದರು. ಅದೇ ಸಮುದಾಯದ ತರುಣರು ಯುದ್ಧಾನಂತರ ಹಳೆಯ ಷೆವ್ರೊಲೆ ಕಾರುಗಳನ್ನು ಕೊಂಡು ತಮ್ಮ ಅಭಿರುಚಿಗೆ ತಕ್ಕಂತೆ ತಿದ್ದತೊಡಗಿದರು. ಅಂದಿನ ಇತರ ತರುಣರು ವೇಗದ ಮೋಹದಲ್ಲಿದ್ದರೆ, ಇವರು ಆರಿಸಿಕೊಂಡದ್ದು ನಿಧಾನವನ್ನು. ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿಯೋ ಸ್ಪ್ರಿಂಗಿನ ಸುರುಳಿಯನ್ನು ಕತ್ತರಿಸಿಯೋ ಕಾರನ್ನು ತಗ್ಗಿಸಿ, ಪೂರ್ವ ಲಾಸ್ ಏಂಜಲಿಸ್‌ನ ವಿಟ್ಟಿಯರ್ ಬೂಲ್ವಾರ್ಡಿನಲ್ಲಿ ಮೆರವಣಿಗೆಯಂತೆ ಸಾಗುತ್ತಿದ್ದರು. ತಮ್ಮನ್ನು ಕಂಡೂ ಕಾಣದಂತಿದ್ದ ನಗರವು ಒಂದು ಗಳಿಗೆ ನಿಂತು ನೋಡಲಿ ಎಂಬ ಆಸೆ ಆ ನಿಧಾನದಲ್ಲಿತ್ತೆಂದು ನಾವು ಭಾವಿಸುತ್ತೇವೆ.

ನಗರ ನೋಡಿತು, ಕಾನೂನಿನ ಕಣ್ಣಿನಿಂದ. 1950ರ ದಶಕದ ಕೊನೆಯ ಹೊತ್ತಿಗೆ ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯಲ್ಲಿ 24008ನೆಯ ಕಲಮು ಬಂದಿತು. ಮಾರ್ಪಡಿಸಿದ ಗಾಡಿಯಲ್ಲಿ, ಚಕ್ರವನ್ನುಳಿದು ಬೇರಾವ ಭಾಗವೂ ರಿಮ್ಮಿನ ತಳ ಅಂಚಿಗಿಂತ ಕೆಳಗೆ ಇಳಿಯಕೂಡದು ಎಂಬುದು ಅದರ ಸಾರ. ಟಯರಿನ ಗಾಳಿ ಹೋದರೂ ಒಡಲು ರಸ್ತೆಗೆ ಉಜ್ಜಬಾರದೆಂಬ ತರ್ಕ ಮೇಲ್ನೋಟಕ್ಕೆ ನ್ಯಾಯವೇ. ಆದರೆ ತಗ್ಗು ಬಂಡಿಯ ತರುಣನನ್ನು ತಡೆದು ನಿಲ್ಲಿಸಲು ಪೊಲೀಸರಿಗೆ ಅದೊಂದು ಸುಲಭದ ನೆಪವೂ ಆಯಿತು. ಇದಕ್ಕೆ ರಾನ್ ಅಗಿರೆ ಎಂಬಾತ 1959ರ ಸುಮಾರಿಗೆ ಕಂಡುಕೊಂಡ ಉತ್ತರ ಪ್ರಸಿದ್ಧವಾಗಿದೆ. ಹಳೆಯ ವಿಮಾನಗಳ ಹೈಡ್ರಾಲಿಕ್ ಬಿಡಿಭಾಗಗಳನ್ನು ಆತ ತನ್ನ ಕಾರ್ವೆಟ್ ಕಾರಿಗೆ ಜೋಡಿಸಿದ. ಪೊಲೀಸರು ಕಂಡಾಗ ಗಾಡಿಯನ್ನು ಮೇಲೆತ್ತುವುದು, ಅವರು ಮರೆಯಾದಾಗ ಮತ್ತೆ ಇಳಿಸುವುದು ಸಾಧ್ಯವಾಯಿತು.

ಆರು ಸಾವಿರ ಪೌಂಡಿಗಿಂತ ಹಗುರವಾದ ಸರಕು ವಾಹನಗಳಿಗೂ ಈ ಕಲಮು ಅನ್ವಯಿಸುತ್ತಿದ್ದುದರಿಂದ ಸಣ್ಣ ಟ್ರಕ್ಕುಗಳೂ ಅದರ ಬಲೆಗೆ ಬಿದ್ದವು. ಷೆವ್ರೊಲೆ ಪಿಕಪ್ ಟ್ರಕ್ಕಿಗೆ 1960ರಲ್ಲಿ ಮುಂದಿನ ಎರಡು ಚಕ್ರಗಳೂ ಸ್ವತಂತ್ರವಾಗಿ ಏರಿಳಿಯುವ ವ್ಯವಸ್ಥೆ ಬಂದಿತು. 1963ರಲ್ಲಿ ಅದಕ್ಕೆ ಸುರುಳಿ ಸ್ಪ್ರಿಂಗ್ ಸೇರಿತು. ಕಾರಿನಲ್ಲಿ ಪಳಗಿದ ಕೈಗಳಿಗೆ ಟ್ರಕ್ಕೂ ಒಲಿಯಿತು.

ಇಲ್ಲಿ ಅಳತೆಯ ಸ್ವಾರಸ್ಯವಿದೆ. ಸ್ಪ್ರಿಂಗ್ ಕೂರುವುದು ಚಕ್ರದ ನೇರಕ್ಕಲ್ಲ. ಕೆಳಗಿನ ತೋಳಿನ ಮೇಲೆ, ಅದರ ತಿರುಗಣೆಗೆ ಹತ್ತಿರವಾಗಿ. ಆದ್ದರಿಂದ ಸ್ಪ್ರಿಂಗು ಒಂದು ಅಂಗುಲ ಗಿಡ್ಡವಾದರೆ ಗಾಡಿಯ ಮೂತಿ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಇನ್ನೊಂದೆಡೆ, ಸುರುಳಿ ಕತ್ತರಿಸಿದಷ್ಟೂ ಉಳಿದ ಸ್ಪ್ರಿಂಗು ಗಡುಸಾಗಿ, ಇಳಿತ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಬಳಿಕ ಬಂದ ತಗ್ಗಿಸುವ ಸ್ಪಿಂಡಲ್ ಈ ಗೊಂದಲವನ್ನು ಕಳೆಯಿತು. ಅದು ಚಕ್ರದ ಮೊಳೆಯನ್ನೇ ಮೇಲಕ್ಕೆ ಸರಿಸುತ್ತದೆ, ಸ್ಪ್ರಿಂಗನ್ನು ಮುಟ್ಟುವುದಿಲ್ಲ; ಮೊಳೆ ಎಷ್ಟು ಏರಿತೋ ಗಾಡಿ ಅಷ್ಟೇ ತಗ್ಗುತ್ತದೆ.

ನಿಜವಾದ ಇಳಿತವನ್ನು ಅರಿಯಲು ತಾಳ್ಮೆ ಬೇಕು. ಜಾಕಿಯಿಂದ ಇಳಿಸಿದ ಕೂಡಲೇ ಗಾಡಿ ತನ್ನ ನಿಜವಾದ ಎತ್ತರಕ್ಕೆ ಬರುವುದಿಲ್ಲ. ಟಯರುಗಳು ನೆಲವನ್ನು ಕಚ್ಚಿ ಅದನ್ನು ಮೇಲೆಯೇ ತಡೆಹಿಡಿದಿರುತ್ತವೆ. ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಬದಿ ಅಳೆದು, ಕೆಲಸಕ್ಕೆ ಮೊದಲಿನ ಅಳತೆಯೊಡನೆ ಹೋಲಿಸಬೇಕು. ನೆಲದಿಂದ ಅಳೆದರೆ ಟಯರಿನ ಗಾತ್ರವೂ ಗಾಳಿಯೂ ಲೆಕ್ಕ ಕೆಡಿಸುತ್ತವೆ.

ಕಾನೂನಾದರೋ ರಸ್ತೆಯ ಮಟ್ಟದಿಂದ ಮಾತಾಡುತ್ತಿತ್ತು. ಆದರೂ ಲೆಕ್ಕ ಬಿಡಿಸಿದರೆ ಟಯರು ಎರಡೂ ಕಡೆಯಿಂದ ಕಳೆದುಹೋಗಿ, ಉಳಿಯುವುದು ರಿಮ್ಮಿನ ತ್ರಿಜ್ಯ ಮಾತ್ರ. ಒಂದೇ ಟ್ರಕ್ಕು, ಒಂದೇ ಇಳಿತ. ಹದಿನೈದು ಅಂಗುಲದ ರಿಮ್ಮಿನಲ್ಲಿ ನಿರಪರಾಧಿಯಾಗಿದ್ದದ್ದು ಹದಿಮೂರರ ರಿಮ್ಮಿನಲ್ಲಿ ಅಪರಾಧಿಯಾಗಬಹುದಿತ್ತು. ತಗ್ಗು ಬಂಡಿಯವರು ಮೆಚ್ಚಿದ್ದು ಸಣ್ಣ ರಿಮ್ಮುಗಳನ್ನೇ!

1980ರ ದಶಕದಲ್ಲಿ ಹಲವು ಊರುಗಳು ನಿಧಾನ ಸವಾರಿಯನ್ನೇ ನಿಷೇಧಿಸಿದವು. ಕಾಲ ಹೊರಳಿತು. 2017ರಲ್ಲಿ ‘ಜಿಪ್ಸಿ ರೋಸ್’ ಎಂಬ 1964ರ ಇಂಪಾಲಾ ಕಾರು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನಲ್ಲಿ ಗಾಜಿನ ಮನೆಯೊಳಗೆ ಪ್ರದರ್ಶನಗೊಂಡಿತು. 2023ರಲ್ಲಿ ಅಂಗೀಕಾರವಾದ ಶಾಸನವೊಂದು ಸವಾರಿಯ ನಿಷೇಧವನ್ನೂ ಎತ್ತರದ ಆ ಹಳೆಯ ನಿರ್ಬಂಧವನ್ನೂ 2024ರ ಜನವರಿ 1ರಿಂದ ತೆಗೆದುಹಾಕಿತು.

ಪರಸ್ಥಳದ ಬೀದಿಗಳಲ್ಲಿ ನಮ್ಮದೊಂದು ನಡಿಗೆಯನ್ನು ಉಳಿಸಿಕೊಳ್ಳಲು ಹೆಣಗುವ ನಮಗೆ ಆ ಅರುವತ್ತು ವರ್ಷಗಳ ಹಟ ಅಪರಿಚಿತವೇನಲ್ಲ. ಗಾಡಿ ಎಷ್ಟು ತಗ್ಗಿತೆಂಬುದನ್ನು ಪಟ್ಟಿ ಹಿಡಿದು ಅಳೆಯಬಹುದು. ಅದನ್ನು ತಗ್ಗಿಸಿದವರು ಮಾತ್ರ ತಲೆ ತಗ್ಗಿಸಲಿಲ್ಲ.